ಎಸ್‌ಟಿಪಿ (ಕೊಳಚಿ ನೀರು ಶುದ್ಧೀಕರಣ ಘಟಕ) ನೀರು: 18 ಕಿ.ಮೀ. ಪೈಪ್ ದಾಟೂದ್ರಾಗ ಕ್ಲೋರಿನ್ ಮಾಯ, ಕೊಳೆತ ತತ್ತಿ ವಾಸನಿ

ವಿಜಾಪುರ_ಪಂಪ್‌ಹೌಸ್: ಪ್ಲಾಂಟಿನಾಗ ಕ್ಲೋರಿನ್ ಲೀಟರಿಗೆ 1.5 ಮಿ.ಗ್ರಾಂ. ಇಟ್ಟು ಬಿಟ್ರ ಪೈಪಿನ ಕೊನೀಗೆ ಸೊನ್ನಿ. ನೀರು ಕರ್ರಗ, ಗಬ್ಬು ವಾಸನಿ. ಗಿರಾಕಿ ನೀರ ಒಲ್ಲೆ ಅನ್ನಾಕತ್ತಾನ. ಲೈನ್ ತೊಳದ್ರೂ ವಾರದಾಗ ಮತ್ತ ಅದ ಹಾಡು. ಏನ್ ಮಾಡ್ಬೇಕ್ರಿ?

ಹೈಪೋ_ಮಾಸ್ತರ: ಡೋಸ್ ಸಾಲವಲ್ದು. 5ಕ್ಕ ಏರಸ್ರಿ.

ಡೋಣಿ_ದಂಡಿ: ತಡೀರಿ. ಪೈಪಿನ ಸೈಜ್, ದಿನದ ನೀರು, ಅಮೋನಿಯಾ, ನೈಟ್ರೇಟ್ ಯಾವುದೂ ಹೇಳಿಲ್ಲಲ್ರಿ.

ವಿಜಾಪುರ_ಪಂಪ್‌ಹೌಸ್: 300 ಎಂ.ಎಂ. ಡಿ.ಐ. (ಡಕ್ಟೈಲ್ ಕಬ್ಬಿಣದ ಪೈಪ್), 1 ಎಂ.ಎಲ್.ಡಿ. (ದಿನಕ್ಕ ಹತ್ತು ಲಕ್ಷ ಲೀಟರ್). ರಾತ್ರಿ ಪಂಪ್ ಬಂದ್. ಅಮೋನಿಯಾ ಸಾರಜನಕ ಲೀಟರಿಗೆ 12 ಮಿ.ಗ್ರಾಂ., ನೈಟ್ರೇಟ್ 1ರ ಒಳಗ.

ಪೈಪ್_ಪಾಟೀಲ: ಡಿ.ಐ. ಹಾಕಿದ್ದ ತಪ್ಪು. ಎಚ್‌ಡಿಪಿಇ (ಪ್ಲಾಸ್ಟಿಕ್ ಪೈಪ್) ಇದ್ರ ಈ ರಗಳೀನ ಇಲ್ಲ.

ಡೋಣಿ_ದಂಡಿ: ಎಚ್‌ಡಿಪಿಇ ಗೋಡಿಗೂ ಬ್ಯಾಕ್ಟೀರಿಯಾದ ಲೋಳಿ ಹಿಡಿತೈತ್ರಿ. ಲೆಕ್ಕ ನೋಡ್ರಿ: ಕಿ.ಮೀ.ಗೆ 71 ಘನ ಮೀಟರ್, 18ಕ್ಕ ಸುಮಾರು 1,270. ದಿನಕ್ಕ 1,000 ಹೋದ್ರ ನೀರು ಪೈಪಿನಾಗ 30 ತಾಸು ಇರ್ತೈತಿ. ಮೊದಲ ಆಮ್ಲಜನಕ ಮುಗಿತೈತಿ. ನೈಟ್ರೇಟೂ ಇಲ್ಲ, ಹಂಗಾಗಿ ಬ್ಯಾಕ್ಟೀರಿಯಾ ಸಲ್ಫೇಟಿಗೆ ಕೈ ಹಾಕಿ ಸಲ್ಫೈಡ್ ಮಾಡ್ತಾವ. ಅದು ಕಬ್ಬಿಣದ ಜೋಡಿ ಸೇರಿದ್ರ ಕರೀ ನೀರು. pH 7 ಇದ್ರ ಸಲ್ಫೈಡಿನ ಅರ್ಧದಷ್ಟು ಕೊಳೆತ ತತ್ತಿ ವಾಸನಿಯ ಗ್ಯಾಸ್ (ಹೈಡ್ರೋಜನ್ ಸಲ್ಫೈಡ್) ರೂಪದಾಗ ಇರ್ತೈತಿ, 8ಕ್ಕ ಸುಮಾರು ಹತ್ತರಾಗ ಒಂದು ಪಾಲು.

ಹೈಪೋ_ಮಾಸ್ತರ: ಹಂಗಂದ್ರ ಬ್ರೇಕ್‌ಪಾಯಿಂಟ್ ತನಕ, ಅಂದ್ರ ಅಮೋನಿಯಾ ಪೂರ್ತಿ ಮುಗ್ಯೂತನ ಕ್ಲೋರಿನ್ ಹಾಕ್ಲಿ!

ಡೋಣಿ_ದಂಡಿ: ಅಮೋನಿಯಾ ಸಾರಜನಕ 12ಕ್ಕ 7.6 ಪಟ್ಟು ಕ್ಲೋರಿನ್, ಅಂದ್ರ ಲೀಟರಿಗೆ 91 ಮಿ.ಗ್ರಾಂ. 10% ಹೈಪೋ (ಕ್ಲೋರಿನ್ ದ್ರಾವಣ) ದಿನಕ್ಕ 900 ಲೀಟರ್ ಮ್ಯಾಲ. ಅದೂ ಕಾಗದದ ಲೆಕ್ಕ. ಮ್ಯಾಲ ಒಂದು ಮಿ.ಗ್ರಾಂ. ಸಲ್ಫೈಡ್ 2ರಿಂದ ಸುಮಾರು 9 ಮಿ.ಗ್ರಾಂ. ಕ್ಲೋರಿನ್ ತಿಂತೈತಿ. ಇವರ 1.5 ಸಹ ಬಹುಪಾಲು ಕ್ಲೋರಮೈನ್ (ಅಮೋನಿಯಾ ಜೋಡಿ ಕೂಡಿದ ಕ್ಲೋರಿನ್).

ಅಮೋನಿಯಾನ ಪ್ಲಾಂಟಿನಾಗ ನೈಟ್ರೇಟ್ ಮಾಡ್ರಿ. ಏರೇಶನ್ (ಗಾಳಿ ಊದೂ) ಟ್ಯಾಂಕಿನಾಗ ಡಿ.ಒ. (ನೀರಾಗ ಕರಗಿದ ಆಮ್ಲಜನಕ) ಲೀಟರಿಗೆ 2 ಮಿ.ಗ್ರಾಂ. ಹಿಡೀರಿ. 12ಕ್ಕ ಆಮ್ಲಜನಕ ದಿನಕ್ಕ 55 ಕೆ.ಜಿ., ಕ್ಷಾರೀಯತೆ ಲೀಟರಿಗೆ 86 ಮಿ.ಗ್ರಾಂ. ಬೇಕು. ನೈಟ್ರೇಟ್ ಇರೂತನ ಬ್ಯಾಕ್ಟೀರಿಯಾ ಸಲ್ಫೇಟಿನ ತಂಟೆಗೆ ಹೋಗೂದು ಕಡಿಮಿ. ನೈಟ್ರೇಟ್ ಒಡದು ಸಾರಜನಕ ಗ್ಯಾಸ್ ಕಟ್ತೈತಿ, ಏರ್ ವಾಲ್ವ್ ನಡೀತಾವೇನು ನೋಡ್ರಿ. ಇನ್ನೂ ಬೇಕಾದ ಕ್ಲೋರಿನ್ ಗಿರಾಕಿ ಕಡೆ ಟ್ಯಾಂಕಿನಾಗ ಹಾಕ್ರಿ.

ಸಲ್ಫೈಡ್ ನೋಡೂದಾದ್ರ ಬಾಟಲಿಗೆ ಮೊದಲ ಜಿಂಕ್ ಅಸಿಟೇಟ್, ಆಮ್ಯಾಲ ನೀರು, ಕಾಸ್ಟಿಕ್. ಗಾಳಿ ಉಳೀದಂಗ ತುಂಬ್ರಿ. ವಾಲ್ವ್ ಚೇಂಬರಿನಾಗ ಬಗ್ಗಬ್ಯಾಡ್ರಿ, ಆ ವಿಷದ ಗ್ಯಾಸ್ 100 ಪಿಪಿಎಂ ದಾಟಿದ್ರ ಮೂಗಿಗೆ ವಾಸನಿನ ಹತ್ತಂಗಿಲ್ಲ.

ಹೈಪೋ_ಮಾಸ್ತರ: ರಾತ್ರೀನೂ ಪಂಪ್ ನಡಸಿದ್ರ?

ಡೋಣಿ_ದಂಡಿ: ದಿನದ ನೀರು ಅಷ್ಟ ಇದ್ರ 30 ತಾಸೂ ಅಷ್ಟ.

ವಿಜಾಪುರ_ಪಂಪ್‌ಹೌಸ್: ಗಾಳಿ ಊದೂ ಒಂದು ಬ್ಲೋವರ್ ರಿಪೇರಿಗೆ ಹೋಗೈತ್ರಿ. ಅಲ್ಲೀತನ?

ಡೋಣಿ_ದಂಡಿ: ಸಂಪಿನಾಗ ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣ, ಸಣ್ಣ ಡೋಸಿಂಗ್ ಪಂಪ್. ಕೊನೀಗೆ ನೈಟ್ರೇಟ್ ಸ್ವಲ್ಪ ಕಾಣೂತನ ಏರಸ್ರಿ, ಮುಂದ ಬ್ಯಾಡ.

ಪೈಪ್_ಪಾಟೀಲ: ನಮ್ಮ ಲೈನಿಗೆ ಎರಡೂ ತುದಿಗೆ ಆನ್‌ಲೈನ್ ಮೀಟರ್ ಐತ್ರಿ, ಮೊಬೈಲಿನಾಗ ಬರ್ತೈತಿ. ಫೋಟೊ ಹಾಕ್ಲೇನು?