ಅಪ್‌ಡೇಟ್: ಮುಂಬೈ–ಲಂಡನ್, ಕೊನೆಗೆ ಹಗಲಿನ ವಿಮಾನವನ್ನೇ ಹಿಡಿದೆ

ವಿಮಾನದಲ್ಲಿ ನನಗೆ ನಿದ್ದೆಯೇ ಹತ್ತಲ್ಲ, ಮಗಳ ಮನೆಗೆ ಲಂಡನ್‌ಗೆ ಹಗಲು ಹೋಗಲೋ ರಾತ್ರಿಯೋ ಅಂತ ಇಲ್ಲಿ ಕೇಳಿದ್ದೆನಲ್ಲ, ಹೋಗಿ ಮುಟ್ಟಿ ಐದು ದಿನವಾಯ್ತು.

"ಹೇಗೂ ನಿದ್ದೆ ಬರಲ್ಲ, ರಾತ್ರಿ ಯಾಕೆ ಕೆಡಿಸಿಕೊಳ್ತೀರಿ" ಅಂತ ಉತ್ತರಿಸಿದ್ದ ಮಾಟುಂಗಾದ ಅಕ್ಕನ ಮಾತೇ ಫಲಿಸಿತು. ಡೊಂಬಿವಲಿಯ ಮನೆಯಲ್ಲೇ ನಿದ್ದೆ ಮುಗಿಸಿ, ಮಧ್ಯಾಹ್ನ 1ರ ವಿಮಾನ ಹತ್ತಿದೆ. ಹತ್ತು ಗಂಟೆ ಪ್ರಯಾಣ. ಇಳಿದಾಗ ಅಲ್ಲಿ ಸಂಜೆ ಆರೂವರೆ, ನಮ್ಮಲ್ಲಿ ರಾತ್ರಿ 11. ಸೂರ್ಯನ ಹಿಂದೆಯೇ ಪಶ್ಚಿಮಕ್ಕೆ ಹೋಗುವುದರಿಂದ ದಾರಿಯುದ್ದಕ್ಕೂ ಬೆಳಕು! ಊಟ ಮಾಡಿ ಒಂಬತ್ತಕ್ಕೆ ಮಲಗಿದವಳಿಗೆ ಗಾಢ ನಿದ್ದೆ.

ಕತ್ತಿನ ದಿಂಬು, ಕಣ್ಣುಪಟ್ಟಿ ಎರಡೂ ಉಪಯೋಗಕ್ಕೆ ಬರಲಿಲ್ಲ. ನಿದ್ದೆ ಮಾತ್ರೆ ಬೇಡವೆಂದರು ನಮ್ಮ ಡಾಕ್ಟರು. ಮಾತ್ರೆಯ ಮತ್ತಿನಲ್ಲಿ ಅಲುಗದೆ ಗಂಟೆಗಟ್ಟಲೆ ಕೂತರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಭಯವಂತೆ.

ಎರಡು ದಿನ ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಯ್ತು. ಬೆಳಗಿನ ವಾಕಿಂಗ್ ಸಲಹೆ ಸಹಾಯ ಮಾಡಲಿಲ್ಲ. ಪಶ್ಚಿಮಕ್ಕೆ ಬಂದವರಿಗೆ ಬೇಕಾದದ್ದು ಸಂಜೆಯ ಬಿಸಿಲು ಅಂತ ಆಮೇಲೆ ತಿಳಿಯಿತು. ಸಂಜೆ ಪಾರ್ಕಿಗೆ ಹೋಗತೊಡಗಿದ ಮೇಲೆ ಆರರವರೆಗೆ ಮಲಗುತ್ತಿದ್ದೇನೆ.

ವಾಪಸಿಗೂ ಹಗಲಿನದ್ದೇ ನೋಡುತ್ತಿದ್ದೇನೆ. ಆದರೆ ಮುಂಬೈಯಲ್ಲಿ ಮಧ್ಯರಾತ್ರಿ ಇಳಿದಾಗ ದೇಹಕ್ಕೆ ಇನ್ನೂ ಸಂಜೆ ಏಳೂವರೆ. ಹಾಗೆ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.