ಡ್ರಮ್ ಮೇಲೇಳುತ್ತದೆ, ಒಲೆ ಉರಿಯುತ್ತಿಲ್ಲ: ಬಯೋಗ್ಯಾಸ್ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು 1000 ಲೀಟರಿನ, ಗ್ಯಾಸ್ ತುಂಬಿದಂತೆ ಮೇಲೇಳುವ ತೇಲುವ ಡ್ರಮ್ ಇರುವ ಬಯೋಗ್ಯಾಸ್ ತೊಟ್ಟಿ. ಸಗಣಿ ಹಾಕಿ ಶುರು ಮಾಡಿ, ಆಮೇಲೆ ದಿನಕ್ಕೆ 8 ಕೆಜಿ ಅಡುಗೆಮನೆ ತ್ಯಾಜ್ಯ ಹಾಕುತ್ತಿದ್ದೆವು. ಚೆನ್ನಾಗಿಯೇ ಉರಿಯುತ್ತಿತ್ತು. ಗ್ಯಾಸ್ ಇನ್ನೂ ಸಿಗಲಿ ಅಂತ ಒಮ್ಮೆಲೇ 20 ಕೆಜಿಗೆ ಏರಿಸಿದೆವು, ಅಷ್ಟೇ ನೀರು ಬೆರೆಸಿ. ಈಗ ಡ್ರಮ್ ಮೇಲೇಳುತ್ತದೆ, ಆದರೆ ಒಲೆ ಹಚ್ಚಿದ ಕೂಡಲೇ ಆರಿಹೋಗುತ್ತದೆ. ಬಗ್ಗಡ ಹುಳಿ ನಾತ ಹೊಡೆಯುತ್ತಿದೆ. ಇನ್ನೂ ಸ್ವಲ್ಪ ಜಾಸ್ತಿ ಹಾಕಿ ನೋಡೋಣವೇ?

ಉತ್ತರ: ಖಂಡಿತ ಬೇಡ. ಇವತ್ತಿನಿಂದಲೇ ಹಾಕುವುದು ನಿಲ್ಲಿಸಿ.

ತೊಟ್ಟಿಯೊಳಗೆ ಮುಖ್ಯವಾಗಿ ಎರಡು ಗುಂಪಿನ ಸೂಕ್ಷ್ಮಜೀವಿಗಳಿವೆ. ಮೊದಲನೆಯವು ಪಿಷ್ಟ, ಸಕ್ಕರೆ, ಜಿಡ್ಡನ್ನು ಒಡೆದು ಆಮ್ಲ ಮಾಡುತ್ತವೆ; ಗಂಟೆಗಳಲ್ಲಿ ದುಪ್ಪಟ್ಟಾಗುತ್ತವೆ. ಎರಡನೆಯವು ಆ ಆಮ್ಲವನ್ನು ಮೀಥೇನ್, ಅಂದರೆ ಒಲೆಯಲ್ಲಿ ಉರಿಯುವ ಅನಿಲ, ಮಾಡುತ್ತವೆ. ಇವು ದುಪ್ಪಟ್ಟಾಗಲು ದಿನಗಳೇ ಬೇಕು. ಏಕಾಏಕಿ 20 ಕೆಜಿ ಬಿದ್ದಾಗ ಮೊದಲನೆಯವು ಮುಗಿಬಿದ್ದು ಆಮ್ಲ ಸುರಿದವು, ಅದನ್ನು ಖಾಲಿ ಮಾಡುವವರು ಸಾಲಲಿಲ್ಲ. ಪಿಎಚ್ (ಹುಳಿಯ ಅಳತೆ; ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) 6.5ಕ್ಕಿಂತ ಕೆಳಗಿಳಿದರೆ ಮೀಥೇನ್ ಮಾಡುವವು ಬಹುಮಟ್ಟಿಗೆ ಕೈಚೆಲ್ಲುತ್ತವೆ, ಇಂಗಾಲದ ಡೈಆಕ್ಸೈಡ್ ಮಾತ್ರ ಬರುತ್ತಲೇ ಇರುತ್ತದೆ. ಡ್ರಮ್ ಎತ್ತುತ್ತಿರುವುದು ಅದೇ. ಅದು ಉರಿಯುವ ಅನಿಲವಲ್ಲ.

ಲೆಕ್ಕವನ್ನೂ ನೋಡಿ. 20 ಕೆಜಿಗೆ 20 ಲೀಟರ್ ನೀರು ಅಂದರೆ ದಿನಕ್ಕೆ ಸುಮಾರು 40 ಲೀಟರ್ ಒಳಕ್ಕೆ, ಅಷ್ಟೇ ಹೊರಕ್ಕೆ. 1000 ಲೀಟರಿನ ತೊಟ್ಟಿಯಲ್ಲಿ ಸರಕು ನಿಲ್ಲುವುದು 25 ದಿನ. ಬಿಸಿ ಮಾಡುವ, ಕಲಕುವ ವ್ಯವಸ್ಥೆ ಇಲ್ಲದ ತೊಟ್ಟಿಗೆ ನಾನು 40 ದಿನಕ್ಕಿಂತ ಕಡಿಮೆ ಒಪ್ಪುವುದಿಲ್ಲ. ಆ ಲೆಕ್ಕಕ್ಕೆ ದಿನಕ್ಕೆ 12 ಕೆಜಿ ಬರುತ್ತದೆ; ಸ್ವಲ್ಪ ಕೈ ಹಿಡಿದು, ನಿಮ್ಮ ತೊಟ್ಟಿಗೆ 10 ಕೆಜಿಯೇ ಮಿತಿ ಅನ್ನುತ್ತೇನೆ.

ಈಗ ಮಾಡಬೇಕಾದ್ದು: ಪಿಎಚ್ ಅಳೆಯುವ ಕಾಗದದ ಪಟ್ಟಿ ತಂದು ಹೊರಬರುವ ಬಗ್ಗಡವನ್ನು ಅಳೆಯಿರಿ. 6.8ರಿಂದ 7.4 ಆರೋಗ್ಯದ ಲಕ್ಷಣ. ಅದಕ್ಕಿಂತ ಸ್ವಲ್ಪವೇ ಕೆಳಗಿದ್ದರೆ ಸುಮ್ಮನೆ ಕಾಯಿರಿ, ಇರುವ ಆಮ್ಲವನ್ನು ಮೀಥೇನ್ ಮಾಡುವವೇ ತಿಂದು ಮುಗಿಸುತ್ತವೆ. 6.5ಕ್ಕಿಂತ ಕೆಳಗಿದ್ದರೆ ಅಡುಗೆ ಸೋಡಾ ನೀರಲ್ಲಿ ಕರಗಿಸಿ ಸ್ವಲ್ಪಸ್ವಲ್ಪವೇ ಹಾಕಿ, ಕಲಕಿ, ಮರುದಿನ ಮತ್ತೆ ಅಳೆಯಿರಿ. ಸುಣ್ಣ ಬೇಡ ಎನ್ನುತ್ತೇನೆ: ಕೈ ತಪ್ಪಿದರೆ ಪಿಎಚ್ ಸರ್ರನೆ ಏರುತ್ತದೆ, ಮೇಲಾಗಿ ಕಾರ್ಬೊನೇಟ್ ಆಗಿ ತಳದಲ್ಲಿ ಕೂರುತ್ತದೆ. ಚೆನ್ನಾಗಿ ನಡೆಯುತ್ತಿರುವ ಬೇರೆ ತೊಟ್ಟಿಯ ಬಗ್ಗಡ ಒಂದೆರಡು ಬಕೆಟ್ ಸಿಕ್ಕರೆ ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ಪ್ರಶ್ನೆ (ಇನ್ನೊಬ್ಬರು): ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಕಲ್ಚರ್ ಮಾರುತ್ತಾರಲ್ಲ ಸರ್, ಅದು ಹಾಕಿದರೆ? ಮತ್ತೆ ಎಲ್ಲವನ್ನೂ ಮಿಕ್ಸಿಯಲ್ಲಿ ನುಣ್ಣಗೆ ಅರೆದರೆ ಗ್ಯಾಸ್ ಹೆಚ್ಚುತ್ತದೆ ಅನ್ನುತ್ತಾರೆ, ನಿಜವಾ?

ಉತ್ತರ: ಸಗಣಿಯಲ್ಲಿ ಪುಕ್ಕಟೆ ಸಿಗುವುದಕ್ಕೆ ಬಾಟಲಿ ಯಾಕೆ? ಅಡುಗೆಮನೆ ತ್ಯಾಜ್ಯ ಒಂದನ್ನೇ ತಿಂಗಳುಗಟ್ಟಲೆ ಹಾಕುವವರು ಆಗಾಗ ಸಗಣಿಯನ್ನೂ ಕದಡಿ ಹಾಕಿ. ಮೀಥೇನ್ ಮಾಡುವ ಜೀವಿಗಳಿಗೆ ನಿಕ್ಕಲ್, ಕೋಬಾಲ್ಟ್‌ನಂಥ ಲೋಹಗಳು ಚಿಟಿಕೆಯಷ್ಟು ಬೇಕು. ಆಹಾರದ ತ್ಯಾಜ್ಯದಲ್ಲಿ ಅವು ಕೊರೆಬೀಳುತ್ತವೆ.

ಅರೆಯುವ ವಿಷಯ ಅರ್ಧ ನಿಜ. ಸೊಪ್ಪಿನ ದಂಟು, ಸಿಪ್ಪೆಯಂಥ ನಾರಿನ ಪದಾರ್ಥ ಸಣ್ಣಗಾದಷ್ಟೂ ಲಾಭ. ಬೇಯಿಸಿದ ಮೆತ್ತಗಿನ ಆಹಾರ ಹೇಗೂ ಬೇಗ ಕರಗುತ್ತದೆ, ಅದನ್ನು ಅರೆದರೆ ಇನ್ನೂ ಬೇಗ ಹುಳಿಯಾಗುತ್ತದೆ. ಕಿತ್ತಳೆ, ನಿಂಬೆ ಸಿಪ್ಪೆಯ ಎಣ್ಣೆ ಸೂಕ್ಷ್ಮಜೀವಿಗಳಿಗೆ ಆಗಿಬರುವುದಿಲ್ಲ, ಹೊರಗಿಡಿ. ಫಿನಾಯಿಲ್ ಬಿದ್ದ ನೀರಂತೂ ಕೂಡದು.

ಪ್ರಶ್ನೆ (ಮತ್ತೊಬ್ಬರು): ನಾವು ಕೋಳಿ ಗೊಬ್ಬರ ಹಾಕುವವರು. ನಮ್ಮಲ್ಲೂ ಗ್ಯಾಸ್ ಇಳಿದಿದೆ. ಮೇಲೆ ಹೇಳಿದಂತೆ ಸೋಡಾ ಹಾಕಬಹುದಾ?

ಉತ್ತರ: ಹಾಕಬೇಡಿ! ನಿಮ್ಮದು ಬಹುಶಃ ಇದರ ತದ್ವಿರುದ್ಧ ಕಾಯಿಲೆ. ಕೋಳಿ ಗೊಬ್ಬರದಲ್ಲಿ ಸಾರಜನಕ ಜಾಸ್ತಿ, ಅದು ಅಮೋನಿಯಾ ಆಗುತ್ತದೆ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಹೆಚ್ಚು, ಸೋಡಾ ಹಾಕಿದರೆ ಉರಿಯುವ ಬೆಂಕಿಗೆ ತುಪ್ಪ. ಮೂಗಿಗೆ ಹೊಡೆಯುವ ಘಾಟು, ಪಿಎಚ್ 8ರ ಆಸುಪಾಸು ಇದ್ದರೆ ಅದೇ ಅಂತ ತಿಳಿಯಿರಿ. ಹಾಕುವುದನ್ನು ಕಡಿಮೆ ಮಾಡಿ, ನೀರು ಹೆಚ್ಚಿಸಿ, ತರಕಾರಿ ತ್ಯಾಜ್ಯ ಅಥವಾ ಕತ್ತರಿಸಿದ ಒಣಹುಲ್ಲು ಬೆರೆಸಿ. ಒಂದು ಪಾಲು ಸಾರಜನಕಕ್ಕೆ ಇಂಗಾಲ ಒಟ್ಟಾರೆ 20ರಿಂದ 30 ಪಾಲು ಇರಲಿ. ಮರದ ಹೊಟ್ಟು ಹಾಕಿ ಪ್ರಯೋಜನವಿಲ್ಲ, ಅದರ ಗಟ್ಟಿ ಅಂಶವಾದ ಲಿಗ್ನಿನ್ ತೊಟ್ಟಿಯಲ್ಲಿ ಜೀರ್ಣವಾಗದು.

ಪ್ರಶ್ನೆ: ಚಳಿಗಾಲದಲ್ಲಿ ಮಾತ್ರ ಕಡಿಮೆಯಾಗುವುದಕ್ಕೆ?

ಉತ್ತರ: 35 ಡಿಗ್ರಿ ಸೆಲ್ಸಿಯಸ್ ಹತ್ತಿರ ಚುರುಕು, 20ಕ್ಕಿಂತ ಕೆಳಗೆ ತೀರಾ ಮಂದ. ಬಿಸಿಲು ಬೀಳುವಂತೆ ಮಾಡಿ, ಸುತ್ತ ಒಣಹುಲ್ಲು ಕಟ್ಟಿ, ಕಲಸುವ ನೀರು ಉಗುರುಬೆಚ್ಚಗಿರಲಿ. ಚಳಿಯಲ್ಲಿ ಹಾಕುವುದನ್ನೂ ಇಳಿಸಿ. ಇಲ್ಲದಿದ್ದರೆ ಮತ್ತೆ ಮೊದಲ ಪ್ರಶ್ನೆಯವರ ಹುಳಿಯೇ.

ಪ್ರಶ್ನೆ (ಮೊದಲಿನವರು): ಧನ್ಯವಾದ ಸರ್. ಪಿಎಚ್ 6.3 ಇತ್ತು, ಸೋಡಾ ಶುರು ಮಾಡಿದ್ದೇವೆ. ಮತ್ತೆ ತ್ಯಾಜ್ಯ ಹಾಕುವುದು ಯಾವಾಗ? ಡ್ರಮ್‌ನಲ್ಲಿರುವ ಗ್ಯಾಸ್ ಏನು ಮಾಡಲಿ?

ಉತ್ತರ: ಅದನ್ನು ಬಯಲಿನಲ್ಲಿ, ಬೆಂಕಿಯಿಂದ ದೂರ ಬಿಟ್ಟುಬಿಡಿ, ಉರಿಯದಿದ್ದರೂ ಅದರಲ್ಲಿ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಇದ್ದೇ ಇರುತ್ತವೆ. ಸೋಡಾ ನಿಲ್ಲಿಸಿದ ಮೇಲೂ ಪಿಎಚ್ ಕೆಲವು ದಿನ 6.8ಕ್ಕಿಂತ ಮೇಲೇ ನಿಂತು, ಹೊಸದಾಗಿ ತುಂಬಿದ ಗ್ಯಾಸ್ ನೀಲಿಯಾಗಿ ಉರಿದರೆ 2 ಕೆಜಿಯಿಂದ ಶುರು ಮಾಡಿ. ವಾರಕ್ಕೊಮ್ಮೆ 1 ಕೆಜಿ ಏರಿಸಿ. ಜ್ವಾಲೆ ಸೊರಗಿದ ದಿನ ಅಲ್ಲಿಗೇ ತಡೆದು ಮತ್ತೆ ಪಿಎಚ್ ನೋಡಿ.