ಆ ಚಿತ್ರ 1930ರದ್ದಲ್ಲ, ಊರು ಕಡೂರೂ ಅಲ್ಲ

ಮಕ್ಕಳೇ, ಬೆಳಿಗ್ಗೆಯಿಂದ ನೀವು ಮನೆಯ ಗುಂಪಿನಲ್ಲಿ ಹಾಕಿರುವುದನ್ನೆಲ್ಲ ಈಗ ನೋಡಿದೆ. ಇಷ್ಟನ್ನು ಬೆರಳಿನಿಂದ ಒತ್ತುತ್ತಾ ಕೂರಲಾರೆ, ಬಾಯಲ್ಲೇ ಹೇಳುತ್ತೇನೆ, ಪೂರ್ತಿ ಕೇಳಿ.

ನಮ್ಮ ಅಪ್ಪನ ಕಾಫಿಪುಡಿ ಅಂಗಡಿಯ ಚಿತ್ರಕ್ಕೆ ಬಣ್ಣ ತುಂಬಿ 'ಚಿಕ್ಕಮಗಳೂರು, 1930' ಎಂದು ಹಾಕಿದ್ದೀರಿ. ಜಗಲಿಯ ಮೇಲಿನ ಮೂಟೆಯಲ್ಲಿ 'ಕಡೂರು' ಎಂದು ಓದಿ, ಇದು ಕಡೂರಿನ ಪೇಟೆಯೇ ಇರಬೇಕು ಎಂದು ತಮ್ಮ ವಾದಿಸುತ್ತಿದ್ದಾನೆ. ಊರು ಚಿಕ್ಕಮಗಳೂರೇ, ಆದರೆ ಆ ವರ್ಷವೂ ಸರಿಯಲ್ಲ, ಕಡೂರೂ ಸರಿಯಲ್ಲ. ಮೂಲ ಪ್ರತಿ ನನ್ನ ಟ್ರಂಕಿನಲ್ಲಿದೆ, ಈಗ ತೊಡೆಯ ಮೇಲಿಟ್ಟುಕೊಂಡೇ ಮಾತನಾಡುತ್ತಿದ್ದೇನೆ.

ನೀವು ಅಂದವಾಗಲೆಂದು ಎಡಬದಿಯನ್ನು ಕತ್ತರಿಸಿದ್ದೀರಲ್ಲ, ವರ್ಷ ಇರುವುದು ಅಲ್ಲಿಯೇ. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ಅರ್ಧ ಪೌಂಡಿಗೆ 1 ರೂಪಾಯಿ 12 ನಯಾ ಪೈಸೆ' ಎಂದಿದೆ. ಅಪ್ಪನ ಅಕ್ಷರ, ರೂಪಾಯಿಯ 'ರೂ' ನೋಡಿದರೆ ನನಗೆ ಸಾಕು. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ ಒಂದರಂದು. ತೂಕಕ್ಕೆ ಕಿಲೋ ಕಡ್ಡಾಯವಾದದ್ದು 1962ರಲ್ಲಿ. ಹಣ ಹೊಸದು, ತೂಕ ಇನ್ನೂ ಹಳೆಯದು. ಹಾಗಾದರೆ ಚಿತ್ರ ಆ ಐದು ವರ್ಷಗಳ ನಡುವಿನದು. ಎರಡಾಣೆಯೇ 12 ನಯಾ ಪೈಸೆಯಾಗಿತ್ತು. ಹಲಗೆಯ ಮೇಲೆ ಹೊಸ ಲೆಕ್ಕ ಬರೆದು, ಗಿರಾಕಿಗಳಿಗೆ ಬಾಯಲ್ಲಿ 'ಒಂದು ರೂಪಾಯಿ ಎರಡಾಣೆ' ಎಂದೇ ಅಪ್ಪ ಹೇಳುತ್ತಿದ್ದುದು ನನಗೆ ಇನ್ನೂ ಕಿವಿಯಲ್ಲಿದೆ.

ಇನ್ನು ಕಡೂರು. ನಮ್ಮ ಊರಿಗೆ ರೈಲು ಬಂದದ್ದು 2013ರಲ್ಲಿ. ಅದಕ್ಕೂ ಮೊದಲು ದೂರದ ಸರಕು ಕಡೂರು ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಸುಮಾರು 40 ಕಿಲೋಮೀಟರ್ ಲಾರಿಯಲ್ಲಿ ಬರಬೇಕಿತ್ತು. ಹಾಗಾಗಿ ಮೂಟೆಯ ಮೇಲೆ ಇಳಿಸುವ ನಿಲ್ದಾಣದ ಹೆಸರು. ಅದು ಕಾಫಿಪುಡಿಗೆ ಬೆರೆಸುವ ಚಿಕೋರಿಯ ಮೂಟೆ. ಕಾಫಿ ಬೀಜ ಕಣ್ಣೆದುರಿನ ಬೆಟ್ಟದಲ್ಲೇ ಬೆಳೆಯುತ್ತಿದ್ದರೂ ಆಗ ತೋಟದಿಂದ ನೇರವಾಗಿ ಕೊಳ್ಳುವಂತಿರಲಿಲ್ಲ, ಕಾಫಿ ಮಂಡಳಿಯ ಮೂಲಕವೇ ಬರಬೇಕಿತ್ತು. ಹಳೆಯ ಕಾಗದಗಳಲ್ಲೂ ಈ ಹೆಸರು ದಾರಿ ತಪ್ಪಿಸುತ್ತದೆ, ನೆನಪಿಡಿ: 1947ರವರೆಗೆ ನಮ್ಮ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ.

ನನಗೆ ನಿಜವಾಗಿ ಸಂಕಟವಾದದ್ದು ಬಣ್ಣದ ಪ್ರತಿಯ ಆಕಾಶವನ್ನು ಕಂಡು. ಮೂಲದಲ್ಲಿ ಹೆಂಚಿನ ಮಾಡುಗಳ ಮೇಲೆ ತೆಳ್ಳಗೆ ಒಂದು ಗೆರೆ ಏರಿ ಇಳಿಯುತ್ತದೆ. ಅದು ಚಂದ್ರದ್ರೋಣ ಪರ್ವತ. ಯಂತ್ರ ಅದನ್ನು ಕಲೆಯೆಂದು ತಿಳಿದು ಅಳಿಸಿ ನೀಲಿ ಬಳಿದಿದೆ. ಬೆಟ್ಟವಿಲ್ಲದೆ ಅದು ಚಿಕ್ಕಮಗಳೂರು ಹೇಗಾದೀತು? ಆ ಗೆರೆ ಉಳಿದಿದ್ದರೆ ಕಡೂರಿನ ಮಾತೇ ಏಳುತ್ತಿರಲಿಲ್ಲ.

ಮೂಲ ಚಿತ್ರಕ್ಕೆ ಲ್ಯಾಮಿನೇಷನ್ ಮಾಡಿಸೋಣ ಎಂದು ಯಾರೋ ಕೇಳಿದ್ದೀರಿ. ದಯವಿಟ್ಟು ಬೇಡ, ಒಮ್ಮೆ ಅಂಟಿದರೆ ಮತ್ತೆ ಬಿಡಿಸಲಾಗದು. ಅಂಟು ಹಾಳೆಯ ಆಲ್ಬಮ್ಮೂ ಬೇಡ. ನನ್ನ ಮದುವೆಯ ಚಿತ್ರಗಳನ್ನು ಹಾಗೆಯೇ ಕಳೆದುಕೊಂಡೆ. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುವುದೇ ದೊಡ್ಡ ಭಯ. ಒಣಗಿದ ಕಾಗದದ ಲಕೋಟೆಯಲ್ಲಿಟ್ಟು ಗೋಡೆಗೆ ತಾಗದ ಕಪಾಟಿನಲ್ಲಿಡುತ್ತೇನೆ. ಹಿಂಬದಿಯಲ್ಲಿ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್ ಮಾತ್ರ, ಅದೂ ಅಂಚಿನಲ್ಲಿ.

ಭಾನುವಾರ ಯಾರಾದರೂ ಬಂದು ಅಂಚು ಬಿಡದೆ ಸ್ಕ್ಯಾನ್ ಮಾಡಿಕೊಳ್ಳಿ. ಬರುವಾಗ ಭೂತಗನ್ನಡಿ ತನ್ನಿ. ಬಲಗಡೆಯ ಅಂಚಿನಲ್ಲಿ ಪಕ್ಕದ ಅಂಗಡಿಯ ಅರ್ಧ ಫಲಕವಿದೆ, '…ರಾಯರ ಜವಳಿ' ಎಂಬಷ್ಟು ಓದಲು ಬರುತ್ತದೆ. ಅಕ್ಕಾ, ನೀನು ಆಗ ಶಾಲೆಗೆ ಆ ದಾರಿಯಲ್ಲೇ ಹೋಗುತ್ತಿದ್ದೆ. ಆ ರಾಯರು ಯಾರು ಎಂದು ನೆನಪಿದೆಯೇ?